ಜಿರಾಫೆ ನಿಂತು ಹೋದ ಕಾರು

"ಮಲಗಿಸಿದರೆ ಕತ್ತು ಮುರಿಯುತ್ತೆ," ಎಂದರು ಮಿಸ್ ಟ್ರಾಸ್ಕ್. "ಬಗ್ಗಿಸಿದರೂ ಮುರಿಯುತ್ತೆ. ನಿಂತೇ ಹೋಗಬೇಕು ಇದು."

ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ಜಿರಾಫೆಯ ಸುತ್ತ ನಿಂತು ತಲೆ ಕೆರೆದುಕೊಂಡರು.

ಮೂರು ವಾರ ಕೂತು ಮಾಡಿದ ಜಿರಾಫೆ ಅದು. ಒಳಗೆ ತಂತಿಬಲೆ. ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಹಳೇ ಪೇಪರು. ಅದರ ಮೇಲೆ ಹಳದಿ ಬಣ್ಣ, ಕಂದು ಮಚ್ಚೆ. ಎತ್ತರ ಆರೂವರೆ ಅಡಿ. ನಾಳೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅದು ಊರಿನ ಲೈಬ್ರರಿಯ ಬಾಗಿಲಲ್ಲಿ ನಿಂತಿರಬೇಕಿತ್ತು. ಸೌತ್ ಬೆಂಡಿನ ಎಲ್ಲ ಸ್ಕೂಲಿನವರೂ ತಾವು ಮಾಡಿದ ಪ್ರಾಣಿಗಳನ್ನು ಅಲ್ಲಿಗೆ ತರುವವರಿದ್ದರು.

ಜಿರಾಫೆಯನ್ನು ಒಯ್ಯುತ್ತೇನೆಂದಿದ್ದವರು ಡಸ್ಟಿನ್‌ನ ಚಿಕ್ಕಪ್ಪ. ಆದರೆ ಅವರ ಟ್ರಕ್ಕು ಕೆಟ್ಟು ಬೆಳಿಗ್ಗೆಯಿಂದ ಗ್ಯಾರೇಜಿನಲ್ಲಿ ಕೂತಿತ್ತು.

"ನಮ್ಮ ಬುಶಾ ಕಾರಲ್ಲಿ ನಿಲ್ಲಿಸ್ಕೊಂಡು ಹೋಗಬಹುದು ಮಿಸ್," ಎಂದಳು ರೆನಾಟಾ.

ಬುಶಾ ಅಂದರೆ ಅಜ್ಜಿ. ಆ ಊರಿನ ಪೋಲಿಷ್ ಮನೆಗಳಲ್ಲಿ ಹಾಗೇ ಕರೆಯುವುದು.

ಡಸ್ಟಿನ್ ನಕ್ಕ. "ಕಾರಲ್ಲಿ ಜಿರಾಫೆ ನಿಲ್ಲುತ್ತಾ? ಅದೇನು ಕಾರೋ, ಚರ್ಚೋ?"

"ಅದರ ಟಾಪ್ ತೆಗೆಯುತ್ತೆ ಕಣೋ. ಹಿಂದಿನ ಅರ್ಧ ಮಾತ್ರ. ತಳ್ಳಿದ್ರೆ ಮುಂದಕ್ಕೆ ಜಾರುತ್ತೆ. ಸ್ಟೂಡ್‌ಬೇಕರ್ ಅದು."

"ಸ್ಟೂಡ್‌ಬೇಕರಾ? ನಮ್ಮಪ್ಪ ತೊಟ್ಟಿಲಲ್ಲಿದ್ದಾಗಲೇ ನಮ್ಮೂರಿನ ಆ ಕಾರ್ ಫ್ಯಾಕ್ಟರಿ ಬಾಗಿಲು ಹಾಕಿದ್ರಂತೆ. ನೀನು ಟಾಪ್ ತೆಗೆದದ್ದು ಯಾವತ್ತಾದರೂ ನೋಡಿದೀಯಾ?"

"ಎಷ್ಟೋ ಸಲ," ಎಂದು ರೆನಾಟಾ ಮೂಗು ಉಜ್ಜಿಕೊಂಡಳು.

ಒಂದು ಸಲವೂ ನೋಡಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಜಾಜಾ, ಅಂದರೆ ಅವಳ ಅಜ್ಜ, ಹೇಳಿದ್ದ ಮಾತು ಅದು. ಆದರೆ ಮಿಸ್ ಟ್ರಾಸ್ಕ್ ಮುಖ ಅರಳಿಬಿಟ್ಟಿತ್ತು. "ನೀನು ನಮ್ಮ ಮಾನ ಉಳಿಸಿದೆ ರೆನಾಟಾ. ನಾಳೆ ಒಂಬತ್ತು ಗಂಟೆಗೆ ಬಂದುಬಿಡಿ," ಎಂದರು.

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಮನೆಗೆ ಬಂದಾಗ ಬುಶಾ ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ಲಟ್ಟಿಸಿ ಪಿರೋಗಿ ಮಾಡುತ್ತಿದ್ದಳು. ಆಲೂಗಡ್ಡೆಯ ಹೂರಣ ಇಟ್ಟು, ಮಡಚಿ, ಅಂಚನ್ನು ಬೆರಳಿನಿಂದ ಒತ್ತುತ್ತಿದ್ದಳು. ರೆನಾಟಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬುಶಾಳ ಬೆರಳು ನಿಂತಿತು.

"ಆ ಟಾಪ್ ತೆಗೆಯೋಕೆ ಬರಲ್ಲ ಮರಿ."

"ಬರುತ್ತೆ ಅಂತ ಜಾಜಾ ಹೇಳಿದ್ರಲ್ಲ."

"ಆಗ ಬರ್ತಿತ್ತು. ಬಾ, ತೋರಿಸ್ತೀನಿ."

ಕಾರು ಷೆಡ್ಡಿನಲ್ಲಿತ್ತು. ಎಳೆ ಹಸಿರು ಬಣ್ಣ, ಉದ್ದನೆಯ ಮೈ. ಬುಶಾ ಅದನ್ನು ಭಾನುವಾರ ಚರ್ಚಿಗೆ, ಬುಧವಾರ ಮಾರ್ಕೆಟ್ಟಿಗೆ ಒಯ್ಯುತ್ತಿದ್ದಳು. ಟಾಪಿನ ನಡುವೆ ಎರಡು ತುಂಡು ಕೂಡುವ ಕಡೆ ಉದ್ದಕ್ಕೂ ಬಿಳಿ ಅಂಟು ಬಳಿದಿತ್ತು. ಕಿಟಕಿಯ ಸಂದಿಗೆ ಹಚ್ಚುತ್ತಾರಲ್ಲ, ಅಂಥ ಅಂಟು. ಅದು ಒಣಗಿ ಕಲ್ಲಿನ ಹಾಗಾಗಿತ್ತು.

"ಇಪ್ಪತ್ತೇಳು ವರ್ಷಕ್ಕೆ ರಬ್ಬರ್ ಪಟ್ಟಿ ಒಣಗಿಹೋಯ್ತು. ಮಳೆ ಬಂದ್ರೆ ಒಳಗೆಲ್ಲ ನೀರು. ಅದಕ್ಕೆ ನಿಮ್ಮಜ್ಜ ಹೀಗೆ ಮುಚ್ಚಿಬಿಟ್ರು. ಅದೇ ಚಳಿಗಾಲದಲ್ಲಿ ಅವರೂ ಹೊರಟುಹೋದ್ರು."

ಅಂಟಿನ ಮೇಲೆ ಸಾಲಾಗಿ ಸಣ್ಣ ಸಣ್ಣ ಗುಳಿಗಳಿದ್ದವು. ರೆನಾಟಾ ಒಂದರಲ್ಲಿ ತನ್ನ ಹೆಬ್ಬೆಟ್ಟು ಇಟ್ಟು ನೋಡಿದಳು. ಅವಳ ಎರಡು ಹೆಬ್ಬೆಟ್ಟು ಹಿಡಿಯುವಷ್ಟು ಅಗಲವಿತ್ತು. ಆಗ ಅವಳಿಗೆ ಗೊತ್ತಾಯಿತು, ಅದು ಜಾಜಾ ಒತ್ತಿದ ಹೆಬ್ಬೆಟ್ಟು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಬುಶಾ, ನಾನು ಟಾಪ್ ತೆಗೆದದ್ದು ನೋಡಿದೀನಿ ಅಂತಾನೂ ಹೇಳ್ಬಿಟ್ಟೆ."

"ಹೂಂ."

"ಮಿಸ್‌ಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡ್ತೀನಿ."

ರೆನಾಟಾ ಒಳಗೆ ಹೋಗಿ ಫೋನ್ ಕೈಗೆತ್ತಿಕೊಂಡಳು. ಸ್ಕೂಲಿನ ಡೈರಿಯಲ್ಲಿ ಮಿಸ್ ಟ್ರಾಸ್ಕ್ ಮನೆಯ ನಂಬರ್ ಹುಡುಕಿದಳು. ಡಸ್ಟಿನ್ ಹೇಗೆ ನಗುತ್ತಾನೆ ಎಂದು ಯೋಚಿಸಿದಳು. ನಗಲಿ ಅನ್ನಿಸಿತು. ಮೂರನೇ ಅಂಕಿ ಒತ್ತುವಾಗ ಷೆಡ್ಡಿನಿಂದ ಬುಶಾಳ ದನಿ ಬಂತು.

"ಫೋನ್ ಇಡು. ಹೋಗಿ ಬೀಮನ್ ತಾತನ್ನ ಕರ್ಕೊಂಡು ಬಾ."

ರೆನಾಟಾ ಓಡಿ ಬಂದಳು. "ಬೇಡ ಬುಶಾ. ಜಾಜಾ ಹಚ್ಚಿದ್ದು ಅದು."

"ನಿಮ್ಮ ಜಾಜಾ ಈ ಕಾರನ್ನ ಇಷ್ಟಪಟ್ಟು ತಗೊಂಡಿದ್ದೇ ಟಾಪ್ ತೆಗೆಯುತ್ತೆ ಅಂತ. ಇದರಲ್ಲಿ ಫ್ರಿಜ್ ನಿಲ್ಲಿಸ್ಕೊಂಡು ಬಂದಿದ್ರು. ಒಂದು ಸಲ ಚರ್ಚಿನ ಸೇಂಟ್ ಜೋಸೆಫ್ ವಿಗ್ರಹಕ್ಕೆ ಬಣ್ಣ ಹೊಡೆಸ್ಕೊಂಡು ನಿಲ್ಲಿಸ್ಕೊಂಡೇ ಬಂದ್ರು. ರಸ್ತೇಲಿ ಅಜ್ಜಿಯರೆಲ್ಲ ಎದ್ದು ನಿಂತು ಕೈ ಮುಗಿದ್ರು. ಇವರು ರಾಜನ ಥರ ಅವರಿಗೆಲ್ಲ ಕೈ ಬೀಸ್ಕೊಂಡು ಬಂದ್ರು." ಬುಶಾ ನಕ್ಕಳು. "ಜಿರಾಫೆ ಒಂದು ಬಾಕಿ ಇತ್ತು. ಹೋಗು, ಕರ್ಕೊಂಡು ಬಾ."

ಲೂಥರ್ ಬೀಮನ್ ಎರಡು ಮನೆ ಆಚೆ ಇದ್ದರು. ಸ್ಟೂಡ್‌ಬೇಕರ್ ಫೌಂಡ್ರಿಯಲ್ಲಿ ಎಂಜಿನ್ನಿಗೆ ಕಬ್ಬಿಣ ಎರಕ ಹೊಯ್ದವರು. ಅವರ ಅಪ್ಪನೂ ಅದೇ ಕೆಲಸಕ್ಕೆಂದು ಮಿಸಿಸಿಪಿಯಿಂದ ಬಂದವರಂತೆ. ಬೀಮನ್ ತಾತನ ಹತ್ತಿರವೂ ಒಂದು ಸ್ಟೂಡ್‌ಬೇಕರ್ ಇತ್ತು. ಅದರ ಬಿಡಿಭಾಗಗಳು ಅವರ ನೆಲಮಾಳಿಗೆಯ ತುಂಬ ಕಾಫಿ ಡಬ್ಬಗಳಲ್ಲಿದ್ದವು.

ಅವರು ಟಾಪಿನ ಸುತ್ತ ಒಂದು ಸುತ್ತು ಬಂದು ಬುಶಾಳ ಕಡೆ ತಿರುಗಿದರು.

"ಅಂಟು ಕೊಯ್ದರೆ ಟಾಪ್ ಜಾರಬಹುದು ವಾಂಡಾ. ಆದ್ರೆ ಕೆಳಗಿನ ರಬ್ಬರ್ ಪುಡಿಪುಡಿ ಆಗುತ್ತೆ. ಆಮೇಲೆ ಮಳೆ ಬಂದ್ರೆ ನೀವು ಕೊಡೆ ಹಿಡ್ಕೊಂಡು ಗಾಡಿ ಓಡಿಸ್ಬೇಕಾಗುತ್ತೆ."

"ಹೊಸ ರಬ್ಬರ್ ಸಿಗಲ್ವಾ ತಾತ?" ರೆನಾಟಾ ಕೇಳಿದಳು.

"ಅಂಗಡೀಲಿ ಸಿಗಲ್ಲ ಮಗೂ. ಅಯೋವಾದಲ್ಲಿ ಒಬ್ಬ ಇದಾನೆ, ಇಂಥದೇ ಕಾರು ಇಟ್ಕೊಂಡಿರೋನು. ತನಗೆ ಅಂತ ಮಾಡಿಸಿದಾಗ ಎಲ್ಲರಿಗೂ ಸೇರಿಸಿ ಮಾಡಿಸ್ತಾನೆ. ಹೋದ ವರ್ಷ ಅವನಿಗೆ ಬಾಗಿಲ ಹಿಡಿ ಬೇಕಿತ್ತು, ನಾನು ಕಳಿಸಿದ್ದೆ. ಒಂದು ಫೋನ್ ಹೊಡೀತೀನಿ. ಎರಡು ವಾರದಲ್ಲಿ ಬರುತ್ತೆ." ಅವರು ಕಣ್ಣು ಮಿಟುಕಿಸಿದರು. "ಕಂಪನಿ ಮುಚ್ಚಿದ್ಮೇಲೆ ನಮಗೆ ನಾವೇ ಕಂಪನಿ."

ಅವರು ಜೇಬಿನಿಂದ ತೆಳ್ಳನೆಯ ಚಾಕು ತೆಗೆದರು.

"ಕೊಡಿ ಇಲ್ಲಿ, ನಾನು ಕೊಯ್ತೀನಿ," ಎಂದಳು ಬುಶಾ.

ಸ್ಟೂಲಿನ ಮೇಲೆ ಹತ್ತಿ, ಒಂದು ತುದಿಯಿಂದ ಶುರುಮಾಡಿದಳು. ಅವಳ ಕೈ ಅಲುಗಲಿಲ್ಲ. ಮದುವೆಯ ಹೊಸತರಲ್ಲಿ ನಾಲ್ಕು ವರ್ಷ ಅವಳು ಅದೇ ಫ್ಯಾಕ್ಟರಿಯಲ್ಲಿ ಸೀಟುಗಳನ್ನು ಹೊಲಿದಿದ್ದಳು. ಬಿಳಿ ಅಂಟು ಎಳೆಎಳೆಯಾಗಿ ಬಿತ್ತು. ರೆನಾಟಾ ಆರಿಸಿ ಬುಟ್ಟಿಗೆ ಹಾಕಿದಳು. ಹೆಬ್ಬೆಟ್ಟಿನ ಗುರುತು ಚೆನ್ನಾಗಿದ್ದ ಒಂದು ತುಂಡನ್ನು ಮಾತ್ರ ಬುಶಾ ತಾನೇ ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಟಾಪ್ ಅಲುಗಲಿಲ್ಲ. ಬೀಮನ್ ತಾತ ಎಣ್ಣೆ ಬಿಟ್ಟರು. ಕಾದರು. ಮತ್ತೆ ಬಿಟ್ಟರು. ಒಳಗಿನ ಹಿಡಿ ತಿರುಗಿಸಿ ಮೂವರೂ ಒಟ್ಟಿಗೆ ತಳ್ಳಿದರು. ಕರಕರ ಎಂದು ರಬ್ಬರಿನ ಪುಡಿ ಉದುರಿತು. ಆಮೇಲೆ ಒಮ್ಮೆಲೇ, ಏನೂ ಆಗಿಲ್ಲದ ಹಾಗೆ, ಟಾಪ್ ಮುಂದಕ್ಕೆ ಜಾರಿ ಟಕ್ ಎಂದು ನಿಂತಿತು.

ಷೆಡ್ಡಿನ ಬಾಗಿಲಿಂದ ಬಂದ ಸಂಜೆಬಿಸಿಲು ಹಿಂದಿನ ಸೀಟಿನ ಮೇಲೆ ಬಿತ್ತು.

"ಐದು ವರ್ಷದ ಧೂಳು," ಎಂದಳು ಬುಶಾ. ಬಟ್ಟೆ ತರಲು ಒಳಗೆ ಹೋದವಳು ಬೇಗ ಬರಲಿಲ್ಲ. ಬಂದಾಗ ಮೂವರಿಗೂ ಬಿಸಿ ಪಿರೋಗಿ ತಂದಿದ್ದಳು.

ಮಾರನೆಯ ದಿನ ಆಕಾಶ ಶುಭ್ರವಾಗಿತ್ತು. ಸ್ಕೂಲಿನ ಅಂಗಳದಲ್ಲಿ ಹಿಂಬಾಗಿಲನ್ನು ಕೆಳಕ್ಕೆ ಮಡಚಿ, ಸೀಟನ್ನು ಬಗ್ಗಿಸಿ, ಆರು ಜನ ಸೇರಿ ಜಿರಾಫೆಯನ್ನು ಹತ್ತಿಸಿದರು. ಅದು ಕತ್ತು ಹೊರಗೆ ಹಾಕಿ ಸೆಟೆದು ನಿಂತಿತು. ಅದರ ಕಾಲು ಹಿಡಿಯಲು ಒಂದು ಕಡೆ ರೆನಾಟಾ ಕೂತಳು, ಇನ್ನೊಂದು ಕಡೆ ಡಸ್ಟಿನ್.

"ತೆಗೆಯುತ್ತಲ್ಲ ನಿಜವಾಗ್ಲೂ," ಎಂದ ಡಸ್ಟಿನ್.

"ನಾನೂ ನಿನ್ನೆಯೇ ಮೊದಲು ನೋಡಿದ್ದು. ಎಷ್ಟೋ ಸಲ ಅಂದಿದ್ದು ಸುಳ್ಳು."

"ಗೊತ್ತಿತ್ತು ಬಿಡೇ. ಸುಳ್ಳು ಹೇಳೋವಾಗ ನೀನು ಮೂಗು ಉಜ್ಕೋತೀಯ."

ಬುಶಾ ಸೈಕಲ್ಲಿನಷ್ಟೇ ನಿಧಾನವಾಗಿ ಕಾರು ಬಿಟ್ಟಳು. ವೆಸ್ಟರ್ನ್ ಅವೆನ್ಯೂನಲ್ಲಿ ಜನ ನಿಂತು ನೋಡಿದರು. ಮಕ್ಕಳು ಜಿರಾಫೆಗೆ ಟಾಟಾ ಮಾಡಿದರು. ಆದರೆ ವಯಸ್ಸಾದವರು ನೋಡುತ್ತಿದ್ದುದು ಜಿರಾಫೆಯನ್ನಲ್ಲ.

ಕ್ಷೌರದಂಗಡಿಯಿಂದ ಒಬ್ಬ ಮುದುಕರು ಕತ್ತಿಗೆ ಬಟ್ಟೆ ಸುತ್ತಿಕೊಂಡೇ ಹೊರಗೆ ಬಂದರು. "ಬಾಗಿಲು ಕೂರಿಸ್ತಿದ್ದೆ ನಾನು," ಎಂದು ಕೂಗಿ ಹೇಳಿದರು. "ಎಡಗಡೆದು." ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಡ್ರೈವರ್ ಕಿಟಕಿಯಿಂದ ಬಗ್ಗಿ, "ಈ ಹಸಿರು ನಮ್ಮಪ್ಪ ಹೊಡೀತಿದ್ರು. ಮನೆಗೆ ಬಂದ್ರೆ ಅವರ ಕಿವೀಲೆಲ್ಲ ಇದೇ ಬಣ್ಣ," ಎಂದರು.

"ಇವರೆಲ್ಲ ನಿಮ್ಮ ನೆಂಟರಾ?" ಡಸ್ಟಿನ್ ಕೇಳಿದ.

"ಅಲ್ಲಪ್ಪ," ಎಂದಳು ರೆನಾಟಾ.

ಡಸ್ಟಿನ್ ಬಸ್ಸಿನ ಕಡೆ ತಿರುಗಿ ನೋಡಿದ. "ನಮ್ಮಜ್ಜನೂ ಅಲ್ಲಿ ಏನೋ ಕೆಲಸ ಮಾಡ್ತಿದ್ರು. ಏನು ಅಂತ ಕೇಳೇ ಇಲ್ಲ ನಾನು."

ಅಷ್ಟರಲ್ಲಿ ಮೇಪಲ್ ಮರದ ಕೊಂಬೆಯೊಂದು ತಗುಲಿ ಜಿರಾಫೆಯ ಕಿವಿ ಕಳಚಿ ಅವನ ತೊಡೆಯ ಮೇಲೆ ಬಿತ್ತು. ಡಸ್ಟಿನ್ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ ತೆಗೆದು, ಎದ್ದು ನಿಂತು ಅದನ್ನು ಅಂಟಿಸಿದ. ಮೊದಲಿಗಿಂತ ಸ್ವಲ್ಪ ಸೊಟ್ಟಗಾಯಿತು. ಆದರೆ ಜಿರಾಫೆ ಏನನ್ನೋ ಕಿವಿಗೊಟ್ಟು ಕೇಳುತ್ತಿರುವ ಹಾಗೆ ಕಾಣುತ್ತಿತ್ತು.

ಹತ್ತಕ್ಕೆ ಐದು ನಿಮಿಷ ಇರುವಾಗ ಜಿರಾಫೆ ಲೈಬ್ರರಿಯ ಬಾಗಿಲಲ್ಲಿ ನಿಂತಿತು. ಒಂದು ಕಡೆ ಆಮೆ, ಇನ್ನೊಂದು ಕಡೆ ಹಂದಿ. ಮಿಸ್ ಟ್ರಾಸ್ಕ್ ಫೋಟೋ ತೆಗೆದರು. ನಿಂಬೆ ಷರಬತ್ತು ಕುಡಿದು, ಎಲ್ಲ ಪ್ರಾಣಿಗಳನ್ನೂ ನೋಡಿ ರೆನಾಟಾ ಕಾರಿನ ಹತ್ತಿರ ಬಂದಾಗ ಹನ್ನೊಂದೂವರೆ.

ಕಾರಿನ ಬಳಿ ಒಬ್ಬರು ಅಜ್ಜಿ ಊರುಗೋಲು ಹಿಡಿದು ನಿಂತಿದ್ದರು. ಬೂದು ಕೋಟು, ಕೈಯಲ್ಲಿ ಲೈಬ್ರರಿ ಪುಸ್ತಕ. ಬುಶಾ ಸೀಟನ್ನು ಎತ್ತಿ ಮೊದಲಿನ ಹಾಗೆ ಕೂರಿಸುತ್ತಿದ್ದಳು. ಆ ಅಜ್ಜಿ ಹೇಳದೆ ಕೇಳದೆ ತೆರೆದ ಬಾಗಿಲಿನಿಂದ ಕೈ ಚಾಚಿ, ಸೀಟಿನ ಅಂಚಿನ ಕೆಳಗೆ ಬೆರಳಾಡಿಸಿದರು.

"ಎರಡು ಸಾಲು ಹೊಲಿಗೆ," ಎಂದರು. "ನಮ್ಮ ಮಿಷನ್ ಸಾಲಿನವರದೇ ಇದು."

ಬುಶಾ ತಲೆ ಎತ್ತಿದಳು. ತುಂಬ ಹೊತ್ತು ನೋಡಿದಳು.

"ಇಲೋನಾ? ಇಲೋನಾ ಫಾರ್ಕಸ್?"

"ಅಯ್ಯೋ ವಾಂಡಾ. ನೀನೇನೇ? ಎಷ್ಟು ದಪ್ಪ ಆಗಿದೀಯೇ."

"ನಿನ್ನ ಬಾಯಿ ಮಾತ್ರ ಹಾಗೇ ಇದೆ," ಎಂದಳು ಬುಶಾ. ಅವಳ ಕಣ್ಣಲ್ಲಿ ನೀರಿತ್ತು.

ಫ್ಯಾಕ್ಟರಿಯಲ್ಲಿ ಅವರಿಬ್ಬರ ಮಿಷನ್ನುಗಳು ಅಕ್ಕಪಕ್ಕ ಇದ್ದವಂತೆ. ಅದು ಮುಚ್ಚಿದ ಮೇಲೆ ಇಲೋನಾ ಕೆಲಸ ಹುಡುಕಿಕೊಂಡು ಷಿಕಾಗೋಗೆ ಹೋದರು. ಈಗ ಮಗಳ ಮನೆಗೆಂದು ವಾಪಸು ಬಂದು ಒಂದು ತಿಂಗಳಾಗಿತ್ತು.

"ಆ ದಿನ ನೆನಪಿದೆಯಾ?" ಬುಶಾ ಕೇಳಿದಳು. "ಕ್ರಿಸ್‌ಮಸ್‌ಗೆ ಇನ್ನೆರಡು ವಾರ ಇತ್ತು. ಮುಚ್ತಾರಂತೆ ಅಂತ ಯಾರೋ ಓಡಿಬಂದು ಹೇಳಿದ್ರು. ನನ್ನ ಮಿಷನ್ನಲ್ಲಿ ಸೀಟು ಅರ್ಧ ಹೊಲಿದಿತ್ತು. ಹಾಗೇ ಬಿಟ್ಟು ಎದ್ದುಹೋದೆ. ಹೊಲಿಗೆ ಅರ್ಧಕ್ಕೆ ಬಿಟ್ಟವಳೇ ಅಲ್ಲ ನಾನು. ಈಗ್ಲೂ ಕೆಲವು ಸಲ ಅದು ಕನಸಲ್ಲಿ ಬರುತ್ತೆ ಕಣೇ."

ಇಲೋನಾ ಅವಳನ್ನೇ ನೋಡಿದರು.

"ನಾನು ಮುಗಿಸಿದೆ ಅದನ್ನ."

"ಏನು?"

"ನೀನು ಅಳ್ತಾ ಎದ್ದುಹೋದ್ಯಲ್ಲ. ನಂದು ಮುಗಿಸಿ ನಿನ್ನ ಮಿಷನ್ನಿಗೆ ಬಂದು ಕೂತು, ಅದನ್ನೂ ಹೊಲಿದು, ದಾರ ಕತ್ತರಿಸಿ ಎದ್ದೆ. ಹೇಳೋಣ ಅಂದ್ರೆ ನೀನು ಸಿಗಲೇ ಇಲ್ಲ."

ಬುಶಾ ಕಾರಿಗೆ ಒರಗಿ ನಿಂತಳು. ಮೂವತ್ತೆರಡು ವರ್ಷ ಎಂದು ಲೆಕ್ಕ ಹಾಕುತ್ತಿರುವ ಹಾಗೆ ಅವಳ ತುಟಿ ಅಲುಗಿತು. ಆಮೇಲೆ ಇಲೋನಾರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಇಲೋನಾ ಕೊನೆಗೆ ಬೀದಿಯ ಕಡೆ ನೋಡಿದರು. "ನನ್ನ ಬಸ್ಸು ಬರೋ ಹೊತ್ತಾಯ್ತು."

"ಬಸ್ ಯಾಕೆ? ಮನೆ ಎಲ್ಲಿ?"

"ಇಲ್ಲೇ, ನಾಲ್ಕು ಬೀದಿ ಆಚೆ."

ರೆನಾಟಾ ಮುಂದಿನ ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದಳು. ಬಾಗಿಲು ತೆರೆದಳು, ಆದರೆ ತಾನು ಹತ್ತಲಿಲ್ಲ. ಇಲೋನಾರ ಊರುಗೋಲು, ಪುಸ್ತಕ ತೆಗೆದುಕೊಂಡು ಅವರನ್ನು ಬುಶಾಳ ಪಕ್ಕ ಕೂರಿಸಿದಳು. ತಾನು ಹಿಂದಕ್ಕೆ ಹೋಗಿ, ಇಬ್ಬರಲ್ಲಿ ಯಾರೋ ಹೊಲಿದಿದ್ದ ಸೀಟಿನ ಮೇಲೆ ಕೂತಳು. ತಲೆಯ ಮೇಲೆ ಆಕಾಶ ಬರೀ ನೀಲಿಯಾಗಿತ್ತು.

ಬುಶಾ ಎಂಜಿನ್ ಚಾಲೂ ಮಾಡಿದಳು. ಮುಂದಿನ ಸೀಟಿನಲ್ಲಿ ಆಗಲೇ ಮಾತು ಶುರುವಾಗಿತ್ತು. ಸಾಲಿನ ಕೊನೆಯಲ್ಲಿ ಕೂರುತ್ತಿದ್ದ ಹುಡುಗಿಯ ಹೆಸರೇನು ಎಂದು ಇಬ್ಬರೂ ಒಟ್ಟಿಗೇ ಕೇಳಿಕೊಂಡು ನಕ್ಕರು.

ರೆನಾಟಾ ಮುಂದಕ್ಕೆ ಬಗ್ಗಿದಳು.

"ಬುಶಾ," ಎಂದಳು. "ನದಿ ಕಡೆಯಿಂದ ಸುತ್ತು ಹಾಕ್ಕೊಂಡು ಹೋಗೋಣ. ನನಗೇನೂ ಅರ್ಜೆಂಟ್ ಇಲ್ಲ."