ರಾವೂರಿನ ಒಂಬತ್ತು ಪಂಪು

2025ರ ನವೆಂಬರ್ 11, ಮಂಗಳವಾರ, ಬೆಳಿಗ್ಗೆ 9.40. ರಾವೂರಿನಿಂದ ಹದಿನಾಲ್ಕು ಮಂದಿ ವಾಡಿ ಠಾಣೆಗೆ ಬಂದರು. ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧಿ ಹೊಡೆಯುವ ಒಂಬತ್ತು ಪಂಪುಗಳನ್ನೂ ಹೊತ್ತು ತಂದು ಜಗಲಿಯ ಮೇಲೆ ಸಾಲಾಗಿ ಇಟ್ಟರು. ಎಲ್ಲವೂ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಎಂಜಿನ್ನಿನವು, ಎಲ್ಲವೂ ಜಾಮ್. ಪಿಎಸ್ಐ ರಾಜರತ್ನ ಇನ್ನೂ ಚಹಾ ಮುಟ್ಟಿರಲಿಲ್ಲ.

"ನಾಗರತ್ನಾ ನಮ್ಮ ಪೆಟ್ರೋಲಿಗೆ ಸಕ್ಕರಿ ಹಾಕ್ಯಾಳ್ರಿ," ಎಂದ ಮುಂದೆ ನಿಂತಿದ್ದ ಮಾಣಿಕಪ್ಪ.

"ನೀವು ನೋಡೀರೇನು?"

"ನೋಡೂದೇನದ್ರಿ? ಊರಾಗ ಇರೂವು ಹತ್ತು ಪಂಪ್. ಮೂರು ದಿನದಾಗ ಒಂಬತ್ತು ಹೋದ್ವು. ಆಕೀದೊಂದೇ ನಡೀಲಿಕತ್ತದ. ಈಗ ಎಲ್ಲಾರೂ ಆಕೀನೇ ಕರೀಬೇಕು."

ನಾಗರತ್ನಾ ಬಾಡಿಗೆಗೆ ಔಷಧಿ ಹೊಡೆಯುವ ಹೆಂಗಸು. ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಹೊತ್ತು, ಹುಳ ಬಿದ್ದಿದೆ. ನಾಲ್ಕು ದಿನ ತಡವಾದರೆ ಹೊಲದಲ್ಲಿ ಉಳಿಯುವುದು ಬರೀ ಸಿಪ್ಪೆ.

"ಪೆಟ್ರೋಲಿಗೆ ಆಯಿಲ್ ಹಾಕಿದ್ರಿ?"

"ಎಂದಿನಂಗ ಹಾಕೀವ್ರಿ," ಎಂದ ಮಾಣಿಕಪ್ಪ. ಹದಿಮೂರು ತಲೆಗಳು ಅಲ್ಲಾಡಿದವು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇವರು, ರಾಜರತ್ನನಿಗೆ ಅದು ಗೊತ್ತಿತ್ತು. ಆದರೆ ದೂರು ಬರೆದುಕೊಟ್ಟ ಮೇಲೆ ಮಾಡುವುದೇನು? 10.30ಕ್ಕೆ ಎಫ್ಐಆರ್ ಆಯಿತು.

ಮಧ್ಯಾಹ್ನ 12.15ಕ್ಕೆ ರಾವೂರಿನಲ್ಲಿ, ರಾಜರತ್ನನ ಎದುರು, ಹೆಡ್ ಕಾನ್‌ಸ್ಟೆಬಲ್ ಹಣಮಪ್ಪ ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಬರೆದ. ನಾಗರತ್ನಾಳ ಪಂಪನ್ನು ಜಪ್ತಿ ಮಾಡಿದರು. ಆಕೆ ತಡೆಯಲಿಲ್ಲ.

"ಪಂಪ್ ಒಯ್ತೀರಿ, ಒಯ್ರಿ. ಮನಿಮುರುಕಿ ಅಂದಾರಲ್ಲ, ಅದನ್ನ ಯಾರು ಒಯ್ತಾರ? ನಾಳಿಂದ ನಾ ಯಾರ ಹೊಲದಾಗ ಕಾಲಿಡ್ಲಿ ಸಾಹೇಬ್ರೆ?"

 ರಾಜರತ್ನನಿಗೆ ನಾಚಿಕೆಯಾಯಿತು.

ಸಂಜೆ ನಾಲ್ಕಕ್ಕೆ ಅದೇ ಹದಿನಾಲ್ಕು ಮಂದಿ ಮತ್ತೆ ಠಾಣೆಯಲ್ಲಿ.

"ಸಾಹೇಬ್ರೆ, ಆಕೀ ಪಂಪ್ ಬಿಡ್ರಿ. ಔಷಧಿ ಹೊಡಿಯಾಕ ಊರಾಗ ಮತ್ತೊಂದು ಪಂಪ್ ಇಲ್ಲ."

"ಮುಂಜಾನಿ ಮನಿಮುರುಕಿ, ಸಂಜೀಗಿ ದೇವರೇನ್ರಿ?" ರಾಜರತ್ನ ಮೇಜು ಗುದ್ದಿದ. "ಹೊರಗ ನಡೀರಿ ಎಲ್ಲಾರೂ!"

ನವೆಂಬರ್ 12, ಬೆಳಿಗ್ಗೆ 11 ಗಂಟೆ. ಪೆಟ್ರೋಲಿನ ಮಾದರಿಗಳು ಪ್ರಯೋಗಾಲಯಕ್ಕೆ ಹೋದವು. ಅಲ್ಲಿಂದ ವರದಿ ಬರುವ ಹೊತ್ತಿಗೆ ಮುಂದಿನ ವರ್ಷದ ತೊಗರಿ ಬಿತ್ತಿರುತ್ತಾರೆ. ಹಾಗಾಗಿ ವಾಡಿಯ ಹಳೇ ಮೆಕ್ಯಾನಿಕ್ ಅಬ್ದುಲ್ ಗನಿಯನ್ನು ಕರೆಸಿದರು. ಅವನು ಒಂದು ಎಂಜಿನ್ ಬಿಚ್ಚಿ ಪಿಸ್ಟನ್ ತೋರಿಸಿದ. ಉದ್ದಕ್ಕೂ ಗೀರು.

"ಸಕ್ಕರಿ ಪೆಟ್ರೋಲಿನಾಗ ಕರಗೂದೇ ಇಲ್ಲ ಸಾಬ್. ಇದು ಆಯಿಲ್ ಇಲ್ದ ಸತ್ತದ."

ಹಳೇ ಪೇಪರ್ ಹಾಸಿ, ಹತ್ತೂ ಟ್ಯಾಂಕುಗಳಿಂದ ಒಂದೊಂದು ಹನಿ ಬಿಟ್ಟ. ಐದು ನಿಮಿಷದಲ್ಲಿ ಒಂಬತ್ತು ಹನಿ ಆರಿ, ತಿಳಿ ಹಸಿರು ಗುರುತಷ್ಟೇ ಉಳಿಯಿತು. ನಾಗರತ್ನಾಳ ಪಂಪಿನ ಹನಿ ಮಾತ್ರ ಬಜ್ಜಿ ಕಟ್ಟಿದ ಕಾಗದದಂತೆ ಜಿಡ್ಡು ಬಿಟ್ಟಿತು.

"ಈ ಹಸಿರು ಏನು?"

"ಪೆಟ್ರೋಲ್ ಟಾನಿಕ್, ಸಾಬ್. ಶೀಸೆದಾಗ ಬರ್ತದ. ಕಾರ್ಬೊರೇಟರ್ ಸಾಫ್ ಇಡ್ತದ, ಅಷ್ಟೇ. ಆಯಿಲ್ ಜೋಡಿ ಹಾಕಬೇಕು, ಆಯಿಲ್ ಬದಲಿ ಅಲ್ಲ."

ಹತ್ತೂ ಪಂಪಿಗೆ ಪೆಟ್ರೋಲ್ ಹೋಗುತ್ತಿದ್ದುದು ಒಂದೇ ಕಡೆಯಿಂದ. ಕಿರಾಣಿ ಅಂಗಡಿಯ ತಮ್ಮಣ್ಣ ವಾಡಿಯಿಂದ ಕ್ಯಾನಿನಲ್ಲಿ ತಂದು, ಆಯಿಲ್ ಕಲಸಿ ಕೊಡುತ್ತಿದ್ದ. ಅಳತೆ ಪಾತ್ರೆ ಇಲ್ಲ, ಇಪ್ಪತ್ತು ವರ್ಷದಿಂದ ಕೈಯಂದಾಜು. ಮಧ್ಯಾಹ್ನ 3.30ಕ್ಕೆ ರಾಜರತ್ನ ಆ ಅಂಗಡಿಯಲ್ಲಿದ್ದ.

"ಒಂಬತ್ತು ಮಂದೀಗಿ ಆಯಿಲ್ ಹಾಕಿಲ್ಲ?"

"ಇಲ್ರಿ."

"ಯಾಕ?"

"ಬ್ಯಾಡಂದ್ರು."

ರಾಜರತ್ನ ಅಲ್ಲೇ ಅಕ್ಕಿ ಚೀಲದ ಮೇಲೆ ಕುಳಿತ. ತಮ್ಮಣ್ಣ ಹೇಳುತ್ತ ಹೋದ. ಎರಡು ತಿಂಗಳ ಹಿಂದೆ ಆ ಟಾನಿಕ್ ತಂದವನು ಮಾಣಿಕಪ್ಪನೇ. ಇದಿದ್ದರೆ ಆಯಿಲ್ ಬೇಡ, ಹೊಗೆಯೂ ಬರುವುದಿಲ್ಲ ಎಂದು ಊರಿಗೆಲ್ಲ ಹೇಳಿದ್ದ. ಹಾಗೆ ಮಾಡಬೇಡಿ ಎಂದ ತಮ್ಮಣ್ಣನಿಗೆ ಹೊಟ್ಟೆಕಿಚ್ಚು ಅಂದರು. ಮೊದಲಿನಂತೆಯೇ ಹಾಕು ಅಂದವಳು ನಾಗರತ್ನಾ ಒಬ್ಬಳೇ.

"ಮತ್ತ ಎರಡು ತಿಂಗಳು ಹ್ಯಾಂಗ ಓಡಿದ್ವು?"

ತಮ್ಮಣ್ಣ ತಲೆ ತಗ್ಗಿಸಿದ. "ಕದ್ದು ಹಾಕ್ತಿದ್ದೆ ಸಾಹೇಬ್ರೆ. ಬೈದ್ರೂ ನಮ್ಮೂರ ಮಷೀನಲ್ಲೇನ್ರಿ? ಸಾಯಬಾರದಂತ ಹಾಕ್ತಿದ್ದೆ."

"ಈಗ್ಯಾಕ ಬಿಟ್ಟಿ?"

"ಹೋದ ಶುಕ್ರವಾರ ಮಾಣಿಕಪ್ಪ ಕಟ್ಟಿ ಮ್ಯಾಲ ಕುಂತು ಅಂದ. ಎರಡು ತಿಂಗಳಾತು, ಒಂದು ಹನಿ ಆಯಿಲ್ ಇಲ್ಲ, ಮಷೀನ್ ಕುದುರಿ ಆಗ್ಯಾವ. ತಮ್ಮಣ್ಣ ಇಪ್ಪತ್ತು ವರ್ಷ ನಮಗೆಲ್ಲ ಟೋಪಿ ಹಾಕ್ದ ಅಂದ. ಎಲ್ಲಾರೂ ನಕ್ಕರು. ಶನಿವಾರದಿಂದ ಬಿಟ್ಟೆ."

"ಸುಟ್ಟು ಹೋಗ್ತಾವಂತ ಗೊತ್ತಿತ್ತು?"

"ಗೊತ್ತಿತ್ರಿ. ಹೋಗ್ಲಿ ಅಂದೆ."

ಹಣಮಪ್ಪ ಪೆನ್ನು ತಲೆಗೆ ಒತ್ತಿಕೊಂಡ. "ಸರ್, ಅವರು ಬ್ಯಾಡಂದ್ರು, ಇವ ಹಾಕಿಲ್ಲ. ಯಾವ ಕಲಂ ಬರೀಲ್ರಿ?"

"ಬರಿ, ಬರಿ. ಗೊತ್ತಿದ್ದೂ ನಷ್ಟ ಮಾಡ್ಯಾನ. ಪರವಾನಗಿ ಇಲ್ದ ಪೆಟ್ರೋಲ್ ಇಟ್ಟಾನ." ರಾಜರತ್ನನಿಗೆ ತನ್ನ ಮೇಲೂ, ಊರಿನ ಮೇಲೂ, ಆ ಹಸಿರು ಶೀಸೆಯ ಮೇಲೂ ಸಿಟ್ಟು ಬಂದಿತ್ತು. "ಆ ಹದಿನಾಲ್ಕೂ ಮಂದೀನ ಕರಿ. ನಾಗರತ್ನಾನ್ನೂ."

ಅಂಗಡಿಯ ಮುಂದೆ ಜನ ಸೇರಿದರು. ಎಂದಿನಂತೆ ಆಯಿಲ್ ಹಾಕಿದ್ದೇವೆ ಎಂದು ಬರೆದುಕೊಟ್ಟದ್ದು ಸುಳ್ಳೆಂದು ಮಾಣಿಕಪ್ಪ ಒಪ್ಪಿದ. ನಾಗರತ್ನಾಳ ಕಡೆ ತಿರುಗಿ, "ತಪ್ಪಾತವ್ವ," ಎಂದ.

"ಕಾಗದದಾಗ ಹೆಸರು ಬರ್ದೀರಿ, ಕಾಗದದಾಗೇ ತೆಗೀರಿ," ಎಂದಳು ಆಕೆ. ಮಾಣಿಕಪ್ಪ ಅಲ್ಲೇ ಹೇಳಿಕೆ ಬರೆದುಕೊಟ್ಟ. ಪಂಪು ಬಿಡಿಸಲು ನಾಳೆ ಬೆಳಿಗ್ಗೆಯೇ ಕೋರ್ಟಿಗೆ ಬರೆಯುವುದಾಗಿ ರಾಜರತ್ನ ಆಕೆಗೆ ಮಾತು ಕೊಟ್ಟ.

5.10ಕ್ಕೆ ದಸ್ತಗಿರಿ. ತಮ್ಮಣ್ಣ ತನ್ನ ಹೇಳಿಕೆಯನ್ನು ಓದಿಸಿ ಕೇಳಿದ, ಆದರೆ ಸಹಿ ಮಾಡಲಿಲ್ಲ.

"ನಾ ಮಾಡಿದ್ದು ಗುನ್ಹೆನೇ, ಇಲ್ಲನ್ನಂಗಿಲ್ಲ. ಎರಡು ತಿಂಗಳು ಓಡಿದ್ದು ನನ್ನ ಆಯಿಲ್ ಮ್ಯಾಲ. ಅದೊಂದು ಬರೀರಿ."

"ಅದಕ್ಕ ಜಾಗಾ ಇಲ್ಲೋ ಮಾರಾಯ," ಎಂದ ಹಣಮಪ್ಪ.

ರಾಜರತ್ನ ಪೆನ್ನು ಕಸಿದುಕೊಂಡು ಆ ಸಾಲನ್ನು ಹಾಳೆಯ ಅಂಚಿನಲ್ಲಿ ತಾನೇ ಬರೆದ. ಆಮೇಲೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದ. ಯಾರೂ ನಗಲಿಲ್ಲ. ತಮ್ಮಣ್ಣ ಹದಿನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿದ, ನೋಡಿ ಸಹಿ ಮಾಡಿದ.