ಮೊದಲ ನೀರು

ಹನಿಗಳು ಕೆಳಗೆ ಬೀಳುವ ಬದಲು ಮೇಲಕ್ಕೆ ಹೋಗುತ್ತಿದ್ದವು. ನಲ್ಲಿಯ ಬಾಯಿಂದ ಹೊರಟ ನೀಲಿ ಹನಿಗಳು ಬಲೂನಿನಂತೆ ತೇಲಿ, ಪರದೆಯ ತುದಿ ಮುಟ್ಟಿ ಮಾಯವಾಗುತ್ತಿದ್ದವು. ನೋಡಲು ಚೆನ್ನಾಗಿಯೇ ಇತ್ತು. ಶಿಲ್ಪಾ ಗಲ್ಲಕ್ಕೆ ಕೈ ಕೊಟ್ಟು ಸ್ವಲ್ಪ ಹೊತ್ತು ನೋಡುತ್ತಲೇ ಕುಳಿತಳು.

"ನಿಮ್ಮನೇಲಿ ನೀರು ಮೇಲಕ್ಕೆ ಹೋಗುತ್ತಾ ಪುಟ್ಟಿ?" ಎಂದರು ಗೋಪೀನಾಥ ಅಂಕಲ್.

ವಿಜಯನಗರದ ಪೈಪ್‌ಲೈನ್ ರಸ್ತೆಯಲ್ಲಿ ಅವರದೊಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್. ಒಂದರಲ್ಲಿ ಅವರು ಮದುವೆ ಕಾರ್ಡ್ ಮಾಡುತ್ತಿದ್ದರು. ಖಾಲಿ ಇದ್ದ ಇನ್ನೊಂದನ್ನು ಪಕ್ಕದ ಮನೆಯ ಶಿಲ್ಪಾಗೆ ಬಿಟ್ಟುಕೊಟ್ಟಿದ್ದರು, ಎಂಟು ಗಂಟೆಗೆ ಶಟರ್ ಎಳೆಯುವವರೆಗೆ.

ಶಿಲ್ಪಾ ನೋಟ್‌ಪ್ಯಾಡ್ ತೆರೆದು ತಾನು ಟೈಪ್ ಮಾಡಿದ ಪ್ರೋಗ್ರಾಮಿನ ಸಾಲುಗಳನ್ನು ಬೆರಳಿಟ್ಟು ಓದಿದಳು. ಪ್ಲಸ್ ಇರಬೇಕಾದ ಕಡೆ ಮೈನಸ್ ಕೂತಿತ್ತು. ಅದನ್ನು ತಿದ್ದಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮತ್ತೆ ತೆರೆದಳು. ಹೇಳಿದ ಮಾತು ಕೇಳುವ ಮಕ್ಕಳಂತೆ ಹನಿಗಳು ಕೆಳಗೆ ಬಿದ್ದವು.

ಈ ಫಜೀತಿಗೆಲ್ಲ ಅವಳ ಕೈಯೇ ಕಾರಣ. ನಿನ್ನೆ, ಗುರುವಾರ, ಏಳನೇ ಕ್ಲಾಸಿಗೆ ಬಂದ ವಿಮಲಾ ಮಿಸ್ ಶನಿವಾರದ ಎಕ್ಸಿಬಿಷನ್ನಿಗೆ ಕಂಪ್ಯೂಟರ್ ಟೇಬಲ್ ಒಂದು ಖಾಲಿ ಉಳಿದಿದೆ, ಯಾರು ಏನು ಮಾಡುತ್ತೀರಿ ಎಂದು ಕೇಳಿದ್ದರು. ತಲೆ ಯೋಚನೆ ಮಾಡುವ ಮೊದಲೇ ಶಿಲ್ಪಾಳ ಕೈ ಮೇಲೆದ್ದಿತ್ತು. ಗೇಮ್ ಮಾಡ್ತೀನಿ ಮಿಸ್ ಎಂದುಬಿಟ್ಟಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಎಂದರು. ಎರಡೇ ದಿನದಲ್ಲಿ, ಒಬ್ಬಳೇ? ಮಿಸ್ ನಗಲಿಲ್ಲ. ಆದರೆ ಆಟ ಸಿದ್ಧವಾಗದಿದ್ದರೆ ಕಂಪ್ಯೂಟರಿಗೆ ಕವರ್ ಹಾಕಿ ಮೂಲೆಗಿಡುತ್ತೇವೆ ಎಂದರು. ಆ ಬೂದು ಬಣ್ಣದ ಕವರ್ ಆಗಿನಿಂದ ಶಿಲ್ಪಾಳ ಕಣ್ಣ ಮುಂದೆಯೇ ನೇತಾಡುತ್ತಿತ್ತು.

ಆಟದ ಯೋಚನೆ ಬಂದದ್ದು ನಿದ್ದೆಯಲ್ಲಿ. ದಿನ ಬಿಟ್ಟು ದಿನ, ಬೆಳಗಿನ ಜಾವದ ನಿದ್ದೆಯಲ್ಲಿ ಅವಳಿಗೊಂದು ಶಬ್ದ ಕೇಳುತ್ತಿತ್ತು. ಮೊದಲು ಢಬಢಬ, ಆಮೇಲೆ ಗುಳುಗುಳು, ಕೊನೆಗೆ ಕೊಳಲಿನಂತೆ ಸಣ್ಣಗೆ. ಕನಸಿನಲ್ಲಿ ಅದು ಒಮ್ಮೆ ಮಳೆ, ಒಮ್ಮೆ ಹೊಳೆ. ಎದ್ದಾಗ ಅಡುಗೆಮನೆಯಲ್ಲಿ ತುಂಬಿದ ಬಿಂದಿಗೆಗಳು ಸಾಲಾಗಿ ಕೂತಿರುತ್ತಿದ್ದವು. ಆ ಶಬ್ದವನ್ನೇ ನೆನೆಯುತ್ತ ಅವಳು ಒಂದು ನಲ್ಲಿ ಬರೆದಳು, ಒಂದು ಬಿಂದಿಗೆ ಬರೆದಳು. ನಲ್ಲಿ ಅತ್ತಿತ್ತ ಓಡಾಡುತ್ತ ಹನಿ ಬೀಳಿಸುತ್ತದೆ. ಮೌಸ್ ಹಿಡಿದು ಬಿಂದಿಗೆಯನ್ನು ಅದರ ಕೆಳಗೆ ತರಬೇಕು, ಅಷ್ಟೇ.

ಅಷ್ಟೇ ಆಗಿದ್ದೇ ತೊಂದರೆಯಾಯಿತು. ಅಂಕಲ್ ಒಂದು ನಿಮಿಷ ಆಡಿದರು. ನಲವತ್ತು ಹನಿ ಹಿಡಿದರು. ಚೆನ್ನಾಗಿದೆ ಕಣಮ್ಮ ಎಂದು ಹೇಳಿ ಮದುವೆ ಕಾರ್ಡಿನ ಗಣಪತಿಯ ಕಡೆ ತಿರುಗಿಕೊಂಡರು. ಅವರಿಗೆ ಬೇಜಾರಾಯಿತೆಂದು ಶಿಲ್ಪಾಗೆ ಗೊತ್ತಾಯಿತು. ಅವಳಿಗೂ ಬೇಜಾರಾಗಿತ್ತು. ಸೋಲುವ ಭಯವೇ ಇಲ್ಲದ ಆಟವನ್ನು ಯಾರು ಆಡುತ್ತಾರೆ? ಗಂಟೆ ಏಳಾಗಿತ್ತು. ಇನ್ನೇನು ಸೇರಿಸಬೇಕು ಎಂದು ಎಷ್ಟು ತಲೆ ಕೆರೆದುಕೊಂಡರೂ ಏನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅಮ್ಮ ಕಲಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಊಟಕ್ಕೆ ಕರೆಯಲು ಬಂದರು. ಮಗಳ ಸಪ್ಪೆ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ. ನಾನೂ ಒಂದ್ಸಲ ಆಡ್ತೀನಿ ಎಂದು ಸ್ಟೂಲ್ ಎಳೆದುಕೊಂಡರು. ಅವರು ಮೌಸ್ ಹಿಡಿದದ್ದು ಅದೇ ಮೊದಲು.

ನಲ್ಲಿ ಓಡಿತು. ಹನಿ ಬಿದ್ದವು. ಅಮ್ಮ ಬಿಂದಿಗೆಯನ್ನು ಮೂಲೆಯಲ್ಲಿಟ್ಟು ಸುಮ್ಮನೆ ಕುಳಿತರು. ಒಂದು, ಎರಡು, ಐದು, ಎಂಟು ಹನಿ ನೆಲದ ಪಾಲಾದವು.

"ಅಮ್ಮ, ಹಿಡಿ. ಎಲ್ಲಾ ವೇಸ್ಟ್ ಆಗ್ತಾ ಇದೆ."

"ಇರೇ, ಮೊದಲ ನೀರು ಯಾರಾದ್ರೂ ಹಿಡೀತಾರಾ? ಕೆಂಪಗಿರುತ್ತೆ, ತುಕ್ಕು ನೀರು. ಅದನ್ನ ಬಾಗಿಲು ತೊಳೆಯೋಕೆ ಬಿಡ್ಬೇಕು."

ನಮ್ಮ ಮನೆ ನೀರು ಯಾವತ್ತೂ ಕೆಂಪಗಿಲ್ಲವಲ್ಲ ಎಂದಳು ಶಿಲ್ಪಾ.

ಅಮ್ಮ ನಕ್ಕರು. "ನೀನು ನೋಡೋದು ಬಿಂದಿಗೆ ನೀರು ಕಣೇ. ನಾನು ನೋಡೋದು ನಲ್ಲಿ ನೀರು."

ಶಿಲ್ಪಾ ಒಂದೊಂದಾಗಿ ಕೇಳಿದಳು, ಅಮ್ಮ ಒಂದೊಂದಾಗಿ ಹೇಳಿದರು. ನೀರು ಒಮ್ಮೆ ನಾಲ್ಕಕ್ಕೆ ಬರುತ್ತದೆ, ಒಮ್ಮೆ ಐದಕ್ಕೆ. ಕೆಂಪು ನೀರು ಒಂದು ದಿನ ಎರಡು ಚೊಂಬು, ಇನ್ನೊಂದು ದಿನ ಎರಡು ಬಕೆಟ್. ಅಂಗೈಯಲ್ಲಿ ಹಿಡಿದು ನೋಡಬೇಕು, ಕೈಯ ಗೆರೆ ಕಂಡರೆ ಬಿಂದಿಗೆ ಇಡಬೇಕು. ಅವಸರ ಮಾಡಿದರೆ ಬಿಂದಿಗೆ ಕೆಟ್ಟಿತು, ತಡ ಮಾಡಿದರೆ ನೀರೇ ನಿಂತಿತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಶಿಲ್ಪಾಳ ಕತೆ. ಅವಳು ಕೀಬೋರ್ಡ್ ಎಳೆದುಕೊಂಡಳು. ಮೊದಲ ಹನಿಗಳು ಕೆಂಪು. ಎಷ್ಟೆಂದು ಆಡುವವರಿಗೆ ಗೊತ್ತಾಗಬಾರದು. ಬಣ್ಣ ಸ್ವಲ್ಪ ಸ್ವಲ್ಪವೇ ತಿಳಿಯಾಗಬೇಕು. ಕೆಂಪು ಹನಿ ಒಳಗೆ ಬಿದ್ದರೆ 'ಬಿಂದಿಗೆ ತೊಳಿ' ಎಂದು ಬರಬೇಕು. ನೀರು ಹೇಳದೆ ಕೇಳದೆ ನಿಲ್ಲಬೇಕು. ಮೂರು ಸಲ ತಪ್ಪಾಯಿತು, ನಾಲ್ಕನೇ ಸಲ ಸರಿಯಾಯಿತು. ಫ್ಲಾಪಿಯನ್ನು ನಂಬುವ ಹಾಗಿಲ್ಲವೆಂದು ಎರಡು ಫ್ಲಾಪಿಗೆ ಕಾಪಿ ಮಾಡಿದಳು. ಎಂಟಾಗಿ ಹತ್ತು ನಿಮಿಷವಾಗಿತ್ತು. ಅಂಕಲ್ ಶಟರಿನ ಕೊಕ್ಕೆ ಹಿಡಿದು, ಆಕಳಿಸುತ್ತ ಕಾಯುತ್ತಿದ್ದರು.

ಶನಿವಾರ ಕಂಪ್ಯೂಟರ್ ಮುಂದೆ ಸಾಲು ಬಾಗಿಲಿನವರೆಗೆ ಬಂತು. ಮೊದಲ ಸಲ ಎಲ್ಲರೂ ಸೋತರು. ಹನಿ ಕಂಡದ್ದೇ ತಡ, ಬಿಂದಿಗೆ ತೆಗೆದುಕೊಂಡು ಓಡಿದರು. ಕಿಸಕ್ ಎಂದಿದ್ದ ರೇವಂತ್ ನಾಲ್ಕು ಸಲ ಬಿಂದಿಗೆ ತೊಳೆದ.

ಕ್ಲಾಸು ಗುಡಿಸುವ ಅಣ್ಣಮ್ಮ ಪೊರಕೆ ಹಿಡಿದು ಹಿಂದೆ ನಿಂತಿದ್ದರು. ಶಿಲ್ಪಾ ಅವರನ್ನೂ ಕರೆದು ಕೂರಿಸಿದಳು. ಅಣ್ಣಮ್ಮ ಬಿಂದಿಗೆಯನ್ನು ಮೂಲೆಗೆ ತಳ್ಳಿ, ಕೈಕಟ್ಟಿ ಕಾದರು. ಹನಿ ತಿಳಿಯಾದ ಮೇಲೆ ಮೆಲ್ಲಗೆ ಮೌಸ್ ಸರಿಸಿದರು. ಬಿಂದಿಗೆ ತುಂಬಿತು.

ಹೇಗೆ ಗೆದ್ದಿರಿ, ಯಾರು ಹೇಳಿಕೊಟ್ಟರು ಎಂದು ಮಕ್ಕಳು ಮುತ್ತಿಕೊಂಡರು. ಯಾರು ಹೇಳಿಕೊಡ್ತಾರೆ ಎಂದು ಅಣ್ಣಮ್ಮ ನಾಚಿಕೊಂಡು ಎದ್ದರು. ಅವರ ಕಣ್ಣ ಕೆಳಗಿನ ಕಪ್ಪು ಶಿಲ್ಪಾಗೆ ಅಂದು ಮೊದಲ ಸಲ ಕಂಡಿತು. ಅಮ್ಮನಿಗೂ ಹಾಗೇ ಇದೆ ಎಂದು ನೆನಪಾಯಿತು.

ಮರುದಿನ ಭಾನುವಾರ. ಕನಸಿನಲ್ಲಿ ಕೆಂಪು ಬಲೂನುಗಳು ತೇಲುತ್ತಿದ್ದವು. ಎಲ್ಲೋ ನಲ್ಲಿಯೊಂದು ಉಸ್ ಎಂದು ಉಸಿರುಬಿಟ್ಟಿತು. ಶಿಲ್ಪಾ ಹೊದಿಕೆ ಸರಿಸಿ ಎದ್ದು, ತೂಕಡಿಸುತ್ತಲೇ ಹೊರಗೆ ಬಂದಳು.

ಬೀದಿದೀಪ ಇನ್ನೂ ಉರಿಯುತ್ತಿತ್ತು. ಅಮ್ಮ ನಲ್ಲಿಯ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನೀರಿಗೆ ಅಂಗೈ ಒಡ್ಡಿದ್ದರು. ಮಗಳನ್ನು ನೋಡಿ, ಭಾನುವಾರ ಅಲ್ವೇನೇ, ಮಲ್ಕೋ ಹೋಗು ಎಂದರು. ಶಿಲ್ಪಾ ಹೋಗಲಿಲ್ಲ. ಪಕ್ಕದಲ್ಲೇ ಕುಳಿತು ತನ್ನ ಕೈಯನ್ನೂ ಒಡ್ಡಿದಳು. ನೀರು ತಣ್ಣಗೆ, ಕೆಂಪಗೆ ಬೆರಳ ಸಂದಿಯಿಂದ ಇಳಿದುಹೋಯಿತು. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದರು.

ಬಹಳ ಹೊತ್ತಿನ ಮೇಲೆ ನೀರಿನ ಅಡಿಯಲ್ಲಿ ಅಂಗೈಯ ಗೆರೆಗಳು ಕಂಡವು.

"ಈಗ," ಎಂದಳು ಶಿಲ್ಪಾ. ಬಿಂದಿಗೆಯನ್ನು ಅವಳೇ ಎಳೆದು ನಲ್ಲಿಯ ಕೆಳಗಿಟ್ಟಳು.