ಈಶ್ವರಮ್ಮಜ್ಜಿಯ ಕರಿ ಪಾತ್ರೆ

ಮೈತ್ರಿ ಹಿತ್ತಿಲಲ್ಲಿ ಬಿಸಿಲಿಗಿಟ್ಟ ಪೆಟ್ಟಿಗೆಯ ಗಾಜಿನ ಮುಚ್ಚಳ ಎತ್ತಿ ನೋಡಿದಳು. ನೀರು ಬೆಚ್ಚಗಾಗಿತ್ತು, ಅಷ್ಟೇ. ಅಕ್ಕಿ ಅಕ್ಕಿಯಾಗೇ ಕೂತಿತ್ತು.

“ಅಜ್ಜಿ, ಪಾತ್ರೆ ಯಾಕೆ ಹಿಂಗೆ ಹೊಳೀತಿದೆ?”

ಈಶ್ವರಮ್ಮಜ್ಜಿ ಕೆಮ್ಮುತ್ತಾ ಹಿತ್ತಿಲಿಗೆ ಬಂದಳು. “ಹೊಳೀದೆ ಇನ್ನೇನು? ಬೆಳಿಗ್ಗೆಯಿಂದ ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೀನಿ. ಎಷ್ಟು ಕರಿ ಹಿಡಿದಿತ್ತು ಮಾರಾಯ್ತಿ. ನಿನ್ನ ಚಿಕ್ಕಪ್ಪ ಹಂಗೇ ತಂದಿಟ್ಟಿದಾನೆ.”

“ಅದು ಕರಿ ಅಲ್ಲ ಅಜ್ಜಿ, ಪೇಂಟು. ಬಿಸಿಲು ಹೀರ್ಕೊಳ್ಲಿ ಅಂತ ಹಚ್ಚಿದ್ದು.” ಮೈತ್ರಿಗೆ ಅಳು ಬಂದುಬಿಟ್ಟಿತು.

ಗಲ್ಫ್ ಯುದ್ಧದ ದಿನಗಳು ಅವು. ಭದ್ರಾವತಿಯ ಮಕ್ಕಳಿಗೆ ಕುವೈತ್ ಅನ್ನೋ ಹೆಸರು ಬಾಯಿಪಾಠವಾಗಿದ್ದೇ ಆಗ. ಎಲ್ಲೋ ಎಣ್ಣೆ ಬಾವಿಗಳ ನಾಡಲ್ಲಿ ಬಾಂಬು ಬಿದ್ದರೆ, ಇಲ್ಲಿ ರೇಷನ್ ಅಂಗಡಿ ಮುಂದೆ ಸೀಮೆಎಣ್ಣೆ ಡಬ್ಬಗಳ ಸಾಲು ಬೆಳೆಯುತ್ತಿತ್ತು. ಡಬ್ಬ ಇಟ್ಟು ಮನೆಗೆ ಹೋಗಿ ಊಟ ಮಾಡಿ ಬಂದರೂ ಯಾರೂ ಅದನ್ನು ಹಿಂದೆ ಸರಿಸುತ್ತಿರಲಿಲ್ಲ. ಜನ ಹಂಗಿದ್ದರು ಆಗ.

ಮೈತ್ರಿಯ ಮನೆಯಲ್ಲಿ ಸ್ಟವ್ ಮೂಲೆ ಸೇರಿ, ಸೌದೆ ಒಲೆ ಹೊತ್ತಿತು. ಅವತ್ತಿನಿಂದ ಹೊಗೆಗೆ ಅಜ್ಜಿಯ ಕೆಮ್ಮೂ ಶುರು. ರಾತ್ರಿಯೆಲ್ಲಾ ಆ ಕೆಮ್ಮು ಕೇಳಿ ಮೈತ್ರಿಗೆ ಹೆದರಿಕೆಯಾಗುತ್ತಿತ್ತು. ಅದಕ್ಕೇ ನವುಲೆಯ ಕೃಷಿ ಕಾಲೇಜಿನಲ್ಲಿ ಕೆಲಸಕ್ಕಿದ್ದ ಭೀಮೇಶ್ ಚಿಕ್ಕಪ್ಪ, ಕನ್ನಡಿ ಇರೋ ಈ ಸೋಲಾರ್ ಕುಕ್ಕರ್ ತಂದಿದ್ದ. ಅಪ್ಪ ಮಂಜಪ್ಪನಿಗೆ ನಂಬಿಕೆಯಿಲ್ಲ. “ಭಾನುವಾರ ಅನ್ನ ಆದ್ರೆ ಇಟ್ಕೊಳ್ಳೋಣ. ಇಲ್ಲಾಂದ್ರೆ ಸಂಜೆ ಭೀಮೇಶ ವಾಪಸ್ ಒಯ್ಲಿ” ಅಂದುಬಿಟ್ಟಿದ್ದ.

ಇವತ್ತೇ ಆ ಭಾನುವಾರ.

ಅಜ್ಜಿ ಬಾವಿಕಟ್ಟೆ ಮೇಲೆ ಕುಸಿದು ಕೂತಳು. “ನಂಗೇನು ಗೊತ್ತು ಮಗಾ…” ತಿಕ್ಕಿ ತಿಕ್ಕಿ ಅವಳ ಬೆರಳ ತುದಿ ಕೆಂಪಾಗಿತ್ತು. ಮೈತ್ರಿಯ ಸಿಟ್ಟು ಅಲ್ಲೇ ಇಳಿಯಿತು.

ಅಷ್ಟರಲ್ಲಿ ಗೇಟಿನ ಹತ್ತಿರ ಸೈಕಲ್ ಬೆಲ್. ಶಿಫ್ಟ್ ಮುಗಿಸಿ ಅಪ್ಪ ಬಂದ. “ಏನೇ, ಅನ್ನ ಆಯ್ತಾ?”

ಅಜ್ಜಿ ಬಾಯಿ ತೆರೆಯೋ ಮೊದಲೇ ಮೈತ್ರಿ ಅಂದಳು: “ಇಲ್ಲಪ್ಪ. ನಾನು ಆಟಕ್ಕೆ ಹೋಗಿ ಪೆಟ್ಟಿಗೆ ಬಿಸಿಲಿಗೆ ತಿರುಗಿಸೋದು ಮರೆತೆ.”

“ನಂಗೊತ್ತಿತ್ತು. ಭೀಮೇಶ ಒಯ್ಲಿ ಬಿಡು.”

ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದಳು. ಆಮೇಲೆ ಮಗನಿಗೆ ಹೇಳಿದಳು: “ಮಂಜಪ್ಪ, ಇನ್ನೊಂದಿನ ಇರ್ಲಿ. ನಾಳೆ ನಾನೇ ಇಡ್ತೀನಿ.” ಅಜ್ಜಿ ಹಂಗೆ ಹೇಳಿದರೆ ಆ ಮನೆಯಲ್ಲಿ ಎದುರಾಡುವವರಿಲ್ಲ.

ಮಾರನೇ ಬೆಳಿಗ್ಗೆ ಮೈತ್ರಿ ಹಿತ್ತಿಲಿಗೆ ಬಂದಾಗ ಅಜ್ಜಿ ಹಂಚಿನ ತಳದ ಮಸಿ ಕೆರೆದು, ಒಂದು ತೊಟ್ಟು ಹರಳೆಣ್ಣೆಯಲ್ಲಿ ಕಲಸಿ, ಪಾತ್ರೆಯ ಹೊರಗೆಲ್ಲ ಸವರುತ್ತಿದ್ದಳು.

ಬೇಲಿಯಾಚೆಯಿಂದ ಪಕ್ಕದ ಮನೆ ದಾಕ್ಷಾಯಣಿ ಅತ್ತೆ ಇಣುಕಿದರು. “ಏನಜ್ಜಿ ಇದು? ಬೇರೆಯವರ ಪಾತ್ರೆ ಕರಿಯಾಗಿದ್ರೂ ಬೈತಿದ್ರಿ ನೀವು.”

“ಹೂಂ ಕಣೇ. ಬಿಸಿಲಿಗೆ ಇಂಥದ್ದೇ ಬೇಕಂತೆ.”

ಅಜ್ಜಿಯ ಕೈ ಮಾತ್ರ ಹೊಳೆಯೋ ಜಾಗ ಬಂದಾಗೆಲ್ಲ ಸ್ವಲ್ಪ ಹಿಂಜರಿಯುತ್ತಿತ್ತು. ಮೈತ್ರಿ ಅದನ್ನು ಕಂಡಳು. ಯೂನಿಫಾರ್ಮಿನ ತೋಳು ಮಡಚಿ, ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮಸಿಗೆ ತಾನೂ ಬೆರಳು ಅದ್ದಿದಳು.